ಯಂತ್ರ ಅಳೆದದ್ದು ಎಷ್ಟು, ನಾವು ನಂಬಿದ್ದು ಎಷ್ಟು

ಮೈಯ ಕೊಬ್ಬನ್ನೂ ಮೈ ಉರಿಸುವ ಶಕ್ತಿಯನ್ನೂ ಹೇಗೆ ಅಳೆಯುತ್ತೇವೆ ಎಂಬ ಬಗ್ಗೆ ಮಾತು ಶುರು ಮಾಡುವ ಮೊದಲು ಸಭೆಗೆ ಒಂದು ಪ್ರಶ್ನೆ ಹಾಕಿದ್ದೆ: ದೇಹದ ಕೊಬ್ಬಿನ ಪ್ರಮಾಣ ತೋರಿಸುವ ತೂಕದ ಯಂತ್ರ ಯಾರ ಮನೆಯಲ್ಲಿದೆ? ಹೆಚ್ಚುಕಡಿಮೆ ಅರ್ಧ ಸಭೆ ಕೈ ಎತ್ತಿತು. ಬರಿಗಾಲಿನಲ್ಲಿ ಅದರ ಮೇಲೆ ನಿಂತರೆ ನಾಲ್ಕೈದು ಸೆಕೆಂಡುಗಳಲ್ಲಿ ‘ಕೊಬ್ಬು ಶೇ. 23.4’ ಎಂದು ಅಂಕಿ ಮೂಡುತ್ತದೆ. 23 ಎಂದಷ್ಟೇ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ. ಬಿಂದುವಿನ ಆಚೆಗಿನ ಆ 4 ಮಾತ್ರ ನನ್ನನ್ನು ಪ್ರತಿ ಸಲವೂ ಕೆಣಕುತ್ತದೆ.

ಆ ನಾಲ್ಕೈದು ಸೆಕೆಂಡುಗಳಲ್ಲಿ ಯಂತ್ರ ಮಾಡಿದ್ದು ಇಷ್ಟು: ನಿಮ್ಮ ತೂಕ ನೋಡಿತು, ಒಂದು ಪಾದದಿಂದ ಇನ್ನೊಂದು ಪಾದಕ್ಕೆ, ನಿಮಗೆ ತಿಳಿಯದಷ್ಟು ಸಣ್ಣ ವಿದ್ಯುತ್ ಪ್ರವಾಹ ಹರಿಸಿ ಅದಕ್ಕೆ ಎಷ್ಟು ಅಡ್ಡಿಯಾಯಿತು ಎಂದು ನೋಡಿತು. ಎತ್ತರ, ವಯಸ್ಸು, ಹೆಣ್ಣೋ ಗಂಡೋ ಎಂಬುದನ್ನು ಅದಕ್ಕೆ ಮೊದಲೇ ಹೇಳಿಕೊಟ್ಟವರು ನೀವೇ. ಉಳಿದದ್ದೆಲ್ಲ ಒಂದು ಸಮೀಕರಣದ ಕೆಲಸ. ಆ ಸಮೀಕರಣವನ್ನು ಕಟ್ಟಿದ್ದು ಬೇರೆ ಯಾರದೋ ದೇಹಗಳ ಮೇಲೆ. ಅಂದರೆ ನಿಮ್ಮ ಗುಟ್ಟೆಂದು ಯಂತ್ರ ಹೇಳಿದ್ದರಲ್ಲಿ ಒಂದು ಪಾಲು ನೀವೇ ಅದರ ಕಿವಿಯಲ್ಲಿ ಊದಿದ್ದು.

ಮನೆಯ ಯಂತ್ರವನ್ನು ಗೇಲಿ ಮಾಡುವುದು ಸುಲಭ. ಆದರೆ ಪ್ರಯೋಗಾಲಯದಲ್ಲಿ ಒಂದು ಕೋಣೆಯನ್ನೇ ಆಕ್ರಮಿಸುವ ಯಂತ್ರಗಳ ಪಾಡೂ ಬಗೆಯಲ್ಲಿ ಇದೇ. ಬದುಕಿರುವ ಮನುಷ್ಯನೊಳಗಿನ ಕೊಬ್ಬನ್ನು ಯಾರೂ ತಕ್ಕಡಿಗೆ ಹಾಕಿ ತೂಗಿಲ್ಲ. ಚಯಾಪಚಯವನ್ನು, ಅಂದರೆ ಮೈ ಆಹಾರವನ್ನು ಉರಿಸಿ ಶಕ್ತಿ ಪಡೆಯುವುದನ್ನು, ಯಾರೂ ಕಣ್ಣಾರೆ ಕಂಡಿಲ್ಲ. ನಾವು ಅಳೆಯುವುದು ಉಸಿರಿನ ಅನಿಲವನ್ನು, ಮೂತ್ರದಲ್ಲಿನ ಪರಮಾಣುಗಳನ್ನು, ದೇಹ ಸರಿಸಿದ ನೀರನ್ನು, ದೇಹ ತಡೆದ ಕ್ಷಕಿರಣವನ್ನು. ಅಲ್ಲಿಂದ ಕೊಬ್ಬಿಗೋ ಕ್ಯಾಲರಿಗೋ ದಾಟಲು ಒಂದು ನಂಬಿಕೆಯ ಸಂಕ, ಅಂದರೆ ಕಾಲುಸೇತುವೆ, ಬೇಕು. ಸಂಕ ಗಟ್ಟಿಯಾಗಿಯೇ ಇರಬಹುದು. ಆದರೆ ಎಲ್ಲಿದೆ, ಯಾರ ಭಾರಕ್ಕೆ ಬಾಗುತ್ತದೆ ಎಂದು ಗೊತ್ತಿರಬೇಕು. ನನ್ನ ಮಾತೆಲ್ಲ ಈ ಸಂಕಗಳ ಸುತ್ತಲೇ ಇತ್ತು.

ಮೊದಲು ತೂಗಲು ಕೂತವನ ಕಥೆ. ಇಟಲಿಯ ಪಡುವಾ ಊರಿನ ವೈದ್ಯ ಸಾಂಟೋರಿಯೊ ಸಾಂಟೋರಿಯೊ ತಕ್ಕಡಿಯ ತೋಳಿಗೆ ಕುರ್ಚಿಯೊಂದನ್ನು ನೇತುಹಾಕಿ, ಅದರ ಮೇಲೆ ಕುಳಿತು ತನ್ನನ್ನೇ ತೂಗಿಕೊಳ್ಳುತ್ತಿದ್ದ. ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲದರ ಲೆಕ್ಕವನ್ನು ಸುಮಾರು 30 ವರ್ಷ ಇಟ್ಟ. 1614ರಲ್ಲಿ ಫಲಿತಾಂಶ ಪ್ರಕಟಿಸಿದ. ಒಳಗೆ ಹೋದದ್ದು ಎಂಟು ಪೌಂಡ್ ಆದರೆ ಮಲಮೂತ್ರವಾಗಿ ಹೊರಬಂದದ್ದು ಮೂರೇ ಪೌಂಡ್. ಉಳಿದ ಐದು ಕಣ್ಣಿಗೆ ಕಾಣದೆ ಆವಿಯಾಗಿ ಹೋಗುತ್ತದೆ ಎಂದು ಅವನ ತೀರ್ಮಾನ. ಆಮ್ಲಜನಕ ಎಂಬ ಹೆಸರೇ ಹುಟ್ಟಿರದ ಕಾಲ ಅದು. ಉಸಿರಿನಲ್ಲಿ ಇಂಗಾಲ ಹೊರಹೋಗುತ್ತದೆ ಎಂದು ಅವನಿಗೆ ತಿಳಿಯುವಂತಿರಲಿಲ್ಲ. ಆದರೂ ತಕ್ಕಡಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಟ್ಟ. ಕಾಣೆಯಾದದ್ದನ್ನು ಕಾಣೆಯಾಯಿತು ಎಂದೇ ದಾಖಲಿಸಿದ. ಈ ಶಿಸ್ತಿಗಾಗಿ ಅವನ ಮೇಲೆ ನನಗೆ ವಿಶೇಷ ಪ್ರೀತಿ.

ಕಾಣೆಯಾದದ್ದರ ಬೆನ್ನು ಹತ್ತಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾವೋಸಿಯೆ. 1782-83ರ ಚಳಿಗಾಲದಲ್ಲಿ ಅವನೂ ಗಣಿತಜ್ಞ ಲಾಪ್ಲಾಸನೂ ಗಿನಿಯಿಲಿಯೊಂದನ್ನು ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಇಟ್ಟು, ಕರಗಿದ ನೀರನ್ನು ತೂಗಿ, ಇಲಿ ಹೊರಸೂಸಿದ ಶಾಖವನ್ನು ಕಂಡುಕೊಂಡರು. ಅದು ಬಿಟ್ಟ ಇಂಗಾಲದ ಡೈಆಕ್ಸೈಡಿನೊಂದಿಗೆ ಶಾಖವನ್ನು ಹೋಲಿಸಿದಾಗ ಉಸಿರಾಟವೆಂದರೆ ನಿಧಾನವಾಗಿ ನಡೆಯುವ ದಹನ ಎಂಬುದು ಹೊಳೆಯಿತು. ಮುಂದೆ ಸೆಗ್ವಿನ್ ಎಂಬ ಸಹಾಯಕನಿಗೆ ಮುಖವಾಡ ತೊಡಿಸಿ, ಉಂಡಾಗ, ಚಳಿಯಲ್ಲಿ ಕೂತಾಗ, ಕಾಲಿನಿಂದ ಪೆಡಲು ತುಳಿದಾಗ ಆಮ್ಲಜನಕದ ಬಳಕೆ ಏರುವುದನ್ನು ತೋರಿಸಿದ. ಇಂದಿನ ವ್ಯಾಯಾಮ ಪ್ರಯೋಗಾಲಯಕ್ಕೆ ಹೋದರೆ ನೀವು ಕಾಣುವುದು ಹೆಚ್ಚುಕಡಿಮೆ ಅದೇ ದೃಶ್ಯ. ಮುಖವಾಡ ಮಾತ್ರ ಸಿಲಿಕೋನಿನದು.

ಶಾಖವನ್ನೇ ನೇರವಾಗಿ ಅಳೆಯುವ ಹಾದಿ ಮನುಷ್ಯರಲ್ಲಿ ಉತ್ತುಂಗ ಮುಟ್ಟಿದ್ದು 1890ರ ದಶಕದಲ್ಲಿ, ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ. ಅಟ್‌ವಾಟರ್ ಮತ್ತು ರೋಸಾ ಕಟ್ಟಿದ ಸಣ್ಣ ಕೋಣೆಯಲ್ಲಿ ಮನುಷ್ಯರು ದಿನಗಟ್ಟಲೆ ಇದ್ದರು. ಕೊಳವೆಯಲ್ಲಿ ಹರಿಯುವ ನೀರು ಅವರ ಮೈಶಾಖವನ್ನು ಹೊತ್ತು ಹೊರಬರುತ್ತಿತ್ತು. ಆಹಾರದ ರಾಸಾಯನಿಕ ಶಕ್ತಿಗೂ ಹೊರಬಂದ ಶಾಖಕ್ಕೂ ಇದ್ದ ವ್ಯತ್ಯಾಸ ಸರಾಸರಿ ಶೇ. 1ಕ್ಕೂ ಕಡಿಮೆ. ಶಕ್ತಿ ನಿತ್ಯತೆಯ ನಿಯಮ ಮನುಷ್ಯನನ್ನೂ ಬಿಟ್ಟಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು. ಆಹಾರದ ಪೊಟ್ಟಣಗಳ ಮೇಲಿನ ಲೆಕ್ಕದ ಹಿಂದಿರುವ ನಾಲ್ಕು-ಒಂಬತ್ತು-ನಾಲ್ಕು ಸೂತ್ರವೂ, ಅಂದರೆ ಪ್ರೋಟೀನಿಗೆ ಗ್ರಾಮಿಗೆ 4, ಕೊಬ್ಬಿಗೆ 9, ಶರ್ಕರಪಿಷ್ಟಕ್ಕೆ 4 ಕಿಲೋಕ್ಯಾಲರಿ, ಅಟ್‌ವಾಟರನ ಬಳುವಳಿ.

ಇಷ್ಟು ಸಾಬೀತಾದ ಮೇಲೆ ಶಾಖದ ಹಿಂದೆ ಓಡುವ ಅಗತ್ಯವೇ ಉಳಿಯಲಿಲ್ಲ. ಉಸಿರನ್ನು ಅಳೆದರೆ ಸಾಕಾಯಿತು. ಪರೋಕ್ಷ ಕ್ಯಾಲರಿಮಾಪನ ಎಂದು ಇದಕ್ಕೆ ಹೆಸರು.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. 1 ಲೀಟರ್ ಆಮ್ಲಜನಕ ಬಳಸಿ ಕೊಬ್ಬನ್ನು ಉರಿಸಿದರೆ ದೇಹಕ್ಕೆ ಸುಮಾರು 4.7 ಕಿಲೋಕ್ಯಾಲರಿ ದಕ್ಕುತ್ತದೆ. ಶರ್ಕರಪಿಷ್ಟ ಉರಿಸಿದರೆ ಸುಮಾರು 5.05. ಎರಡರ ಅಂತರ ಶೇ. 7 ಅಷ್ಟೆ. ಹಾಗಾಗಿ ಉರಿದದ್ದು ಯಾವುದು ಎಂಬುದರಲ್ಲಿ ನಾವು ಪೂರ್ತಿ ಎಡವಿದರೂ ಶಕ್ತಿಯ ಲೆಕ್ಕ ಹೆಚ್ಚು ಕೆಡುವುದಿಲ್ಲ. ಇಂಗಾಲದ ಡೈಆಕ್ಸೈಡಿನ ಸ್ವಭಾವ ಇಷ್ಟು ಸೌಮ್ಯವಲ್ಲ. ಅದರ 1 ಲೀಟರ್, ಶರ್ಕರಪಿಷ್ಟದಿಂದ ಬಂದಿದ್ದರೆ ಅದರ ಹಿಂದೆ 5.05 ಕಿಲೋಕ್ಯಾಲರಿ ಇದೆ, ಕೊಬ್ಬಿನಿಂದ ಬಂದಿದ್ದರೆ 6.6 ದಾಟುತ್ತದೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಬಳಸಿದ ಆಮ್ಲಜನಕದಿಂದ ಭಾಗಿಸಿದರೆ ಉಸಿರಾಟದ ಭಾಗಲಬ್ಧ ಬರುತ್ತದೆ. ಶರ್ಕರಪಿಷ್ಟಕ್ಕೆ 1.0, ಕೊಬ್ಬಿಗೆ 0.7, ಪ್ರೋಟೀನಿಗೆ 0.8ರ ಆಸುಪಾಸು. ರಾತ್ರಿ ಉಪವಾಸವಿದ್ದು ಬೆಳಿಗ್ಗೆ ಬಂದವರಲ್ಲಿ ಸಾಮಾನ್ಯವಾಗಿ 0.8ರ ಸುತ್ತಮುತ್ತ ಕಾಣುತ್ತದೆ. 1949ರಲ್ಲಿ ವೇರ್ ಕೊಟ್ಟ ಸೂತ್ರವನ್ನೇ ಇಂದಿಗೂ ಬಹುತೇಕ ಯಂತ್ರಗಳು ಹೊಟ್ಟೆಯಲ್ಲಿಟ್ಟುಕೊಂಡಿವೆ: ಆಮ್ಲಜನಕದ ಲೀಟರುಗಳನ್ನು 3.94ರಿಂದ, ಇಂಗಾಲದ ಡೈಆಕ್ಸೈಡಿನ ಲೀಟರುಗಳನ್ನು 1.11ರಿಂದ ಗುಣಿಸಿ ಕೂಡಿಸಿ. ಸುಮ್ಮನೆ ಮಲಗಿರುವವರು ನಿಮಿಷಕ್ಕೆ 250 ಮಿಲಿಲೀಟರ್ ಆಮ್ಲಜನಕ ಬಳಸಿ 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ದಿನದ ಲೆಕ್ಕ ಸುಮಾರು 1,740 ಕಿಲೋಕ್ಯಾಲರಿ. ವಿದ್ಯುತ್ತಿನ ಭಾಷೆಯಲ್ಲಿ 84 ವ್ಯಾಟ್. ಹಳೆಯ ಕಾಲದ ಮಂದ ಬಲ್ಬೊಂದು ಹಾಸಿಗೆಯಲ್ಲಿ ಮಲಗಿದೆ ಎಂದುಕೊಳ್ಳಿ.

ಸೂತ್ರ ಸುಲಭ, ಅನಿಲ ಹಿಡಿಯುವುದು ಕಷ್ಟ. 1911ರಲ್ಲಿ ಡಗ್ಲಸ್ ರೂಪಿಸಿದ ದೊಡ್ಡ ಚೀಲದಲ್ಲಿ ಉಸಿರನ್ನೆಲ್ಲ ತುಂಬಿಸಿಕೊಂಡು ಆಮೇಲೆ ಪರೀಕ್ಷಿಸುವ ಕ್ರಮವಿತ್ತು. ಈಗ ಮಲಗಿದವರ ತಲೆಯ ಮೇಲೆ ಪಾರದರ್ಶಕ ಗುಮ್ಮಟ ಇಡುತ್ತೇವೆ, ಇಲ್ಲವೇ ಅವರನ್ನು ಇಡೀ ದಿನ ಕ್ಯಾಲರಿಮಾಪಕ ಕೋಣೆಯಲ್ಲಿ ಇರಿಸುತ್ತೇವೆ. ಕೋಣೆಯ ವಿಷಯದಲ್ಲಿ ಒಂದು ಲೆಕ್ಕ ನೋಡಿ. 25,000 ಲೀಟರ್ ಗಾಳಿ ಇರುವ ಮುಚ್ಚಿದ ಕೋಣೆಯಲ್ಲಿ ಒಬ್ಬರು ಸುಮ್ಮನೆ ಮಲಗಿದರೆ ಒಂದು ಗಂಟೆಯಲ್ಲಿ ಬಳಸುವುದು 15 ಲೀಟರ್ ಆಮ್ಲಜನಕ. ಕೋಣೆಯ ಗಾಳಿಯಲ್ಲಿ ಅದು ಶೇ. 0.06ರಷ್ಟು ಬದಲಾವಣೆ. ಶೇ. 20.93 ಇದ್ದದ್ದು 20.87 ಆಯಿತು ಎಂದು ನಂಬಿಕೆಯಿಂದ ಹೇಳಬಲ್ಲ ಉಪಕರಣ ಬೇಕು. ಆ ಉಪಕರಣಕ್ಕೆ ಬಾಗಿಲಿನ ಸಂದಿ, ಗಾಳಿಯ ಒತ್ತಡ, ತೇವಾಂಶ ಎಲ್ಲವೂ ಶತ್ರುಗಳೇ.

ಕೋಣೆ ನಿಜ ಹೇಳುತ್ತಿದೆಯೇ ಎಂದು ತಿಳಿಯುವ ಉಪಾಯ ನನಗೆ ಬಲು ಇಷ್ಟ. ಒಳಗೆ ಮನುಷ್ಯರ ಬದಲು ಮದ್ಯಸಾರದ ದೀಪ ಹಚ್ಚಿಡುತ್ತಾರೆ. ಎಷ್ಟು ಗ್ರಾಂ ಉರಿಯಿತು ಎಂದು ತಕ್ಕಡಿ ಹೇಳುತ್ತದೆ. ಅದಕ್ಕೆ ಎಷ್ಟು ಆಮ್ಲಜನಕ ಬೇಕು ಎಂದು ರಸಾಯನಶಾಸ್ತ್ರ ಹೇಳುತ್ತದೆ. ಭಾಗಲಬ್ಧ 0.667 ಬರಲೇಬೇಕು. ಬಾರದಿದ್ದರೆ ದೀಪದ ತಪ್ಪಲ್ಲ. ದೀಪಕ್ಕೆ ಸಂಕೋಚವಿಲ್ಲ, ಹೆದರಿಕೆಯಿಲ್ಲ, ಹಿಂದಿನ ರಾತ್ರಿ ಏನು ತಿಂದೆ ಎಂಬುದನ್ನು ಅದು ಮುಚ್ಚಿಡುವುದೂ ಇಲ್ಲ.

ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ವಾರ ಪೂರ್ತಿ ಬಂದವರೆಲ್ಲರ ಭಾಗಲಬ್ಧ 0.65, 0.66 ಎಂದು ತೋರಿಸಿತು. ಕೊಬ್ಬನ್ನು ಮಾತ್ರ ಉರಿಸಿದರೂ 0.7. ಅದಕ್ಕಿಂತ ಕೆಳಗೆ ಇಷ್ಟು ಜನ ಒಟ್ಟಾಗಿ ಇಳಿಯುವುದು ಹೇಗೆ? ಏನೋ ಹೊಸದನ್ನು ಕಂಡುಹಿಡಿದೆ ಎಂದು ಎರಡು ದಿನ ಒಳಗೊಳಗೇ ಹಿಗ್ಗಿದ್ದೂ ಉಂಟು. ಮೂರನೆಯ ದಿನ ಹಿರಿಯ ತಂತ್ರಜ್ಞರೊಬ್ಬರು ಬಂದು, ಏನೂ ಮಾತಾಡದೆ, ಗಾಳಿಯ ತೇವ ಹೀರುವ ಹರಳಿನ ಕೊಳವೆಯತ್ತ ಬೆರಳು ತೋರಿಸಿದರು. ನೀಲಿ ಇರಬೇಕಾದ ಹರಳೆಲ್ಲ ಗುಲಾಬಿಯಾಗಿತ್ತು. ತೇವ ಹೀರದ ಕಾರಣ ನೀರಾವಿ ಆಮ್ಲಜನಕದ ಪಾಲನ್ನು ತೆಳುವಾಗಿಸಿತ್ತು. ಯಂತ್ರ ಅದನ್ನು ದೇಹ ಬಳಸಿದ್ದೆಂದು ಬಗೆದಿತ್ತು. ಹರಳು ಬದಲಾಯಿಸಿದೆವು, ನನ್ನ ಆವಿಷ್ಕಾರ ಆವಿಯಾಯಿತು.

ಭಾಗಲಬ್ಧ ಮೇಲಕ್ಕೆ ಹಾರುವುದೂ ಇದೆ. ಗುಮ್ಮಟದೊಳಗೆ ಮೊದಲ ಸಲ ತಲೆಯಿಟ್ಟವರು ಗಾಬರಿಯಿಂದ ಜೋರಾಗಿ ಉಸಿರಾಡುತ್ತಾರೆ. ರಕ್ತದಲ್ಲಿ ಮೊದಲೇ ಇದ್ದ ಇಂಗಾಲದ ಡೈಆಕ್ಸೈಡ್ ಹೊರನುಗ್ಗಿ ಭಾಗಲಬ್ಧ 1.1 ತೋರಿಸುತ್ತದೆ. ಉರಿದದ್ದರ ಲೆಕ್ಕ ಅಲ್ಲಿಲ್ಲ, ಅದು ಭಯದ ಲೆಕ್ಕ. ಅದಕ್ಕೇ ಮೊದಲ ಐದು ನಿಮಿಷದ ಅಂಕಿಗಳನ್ನು ಎಸೆದುಬಿಡುತ್ತೇವೆ. ರಾತ್ರಿಯಿಡೀ ಉಪವಾಸ, ಕಾಫಿ ಇಲ್ಲ, ಬೆಳಗಿನ ಓಟವಿಲ್ಲ, ಚಳಿಯೂ ಸೆಕೆಯೂ ಇಲ್ಲದ ಕೋಣೆ, ಎಚ್ಚರವಾಗಿದ್ದೂ ಅಲುಗಾಡದ ಮೈ: ವಿಶ್ರಾಂತಿಯ ಚಯಾಪಚಯ ದರ ಎಂದು ನೀವು ಓದುವ ಒಂದು ಅಂಕಿಯ ಹಿಂದೆ ಇಷ್ಟು ನಿಯಮಗಳಿವೆ. ಅವುಗಳಲ್ಲಿ ಒಂದು ಸಡಿಲವಾದರೂ ಅಂಕಿ ಬೇರೆ.

ಆದರೆ ಕೋಣೆಯಲ್ಲಿ ಬದುಕುವುದು ಬದುಕಲ್ಲ. ಹೊರಗೆ ಓಡಾಡುವ, ಬಸ್ ಹಿಡಿಯುವ, ಮಗುವನ್ನು ಎತ್ತಿಕೊಳ್ಳುವ ಮನುಷ್ಯ ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತಾನೆ? ಇದಕ್ಕೆ ಸಿಕ್ಕ ಉತ್ತರ ಈ ಕ್ಷೇತ್ರದ ಅತಿ ಸುಂದರ ಉಪಾಯ ಎಂದು ನನ್ನ ಭಾವನೆ.

ಅಮೆರಿಕದ ಮಿನ್ನೆಸೋಟದ ನೇಥನ್ ಲಿಫ್ಸನ್ ಮತ್ತು ಸಂಗಡಿಗರು 1949ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿರುವ ಆಮ್ಲಜನಕ ಪರಮಾಣುಗಳು ಮೈಯ ನೀರಿನಲ್ಲಿರುವ ಆಮ್ಲಜನಕದೊಂದಿಗೆ ಸದಾ ಅದಲುಬದಲಾಗುತ್ತಿರುತ್ತವೆ. ಹಾಗಿದ್ದರೆ ನೀರಿಗೇ ಗುರುತು ಹಾಕಬಹುದಲ್ಲ? ಸಾಮಾನ್ಯ ಜಲಜನಕದ ಬದಲು ಅದರ ಭಾರದ ಸೋದರ ಡ್ಯೂಟೀರಿಯಂ, ಸಾಮಾನ್ಯ ಆಮ್ಲಜನಕದ ಬದಲು ಆಮ್ಲಜನಕ-18 ಇರುವ ನೀರು ಕುಡಿಸುತ್ತಾರೆ. ಎರಡೂ ವಿಕಿರಣಶೀಲವಲ್ಲ, ನಾವು ದಿನವೂ ಕುಡಿಯುವ ನೀರಿನಲ್ಲೂ ಅಲ್ಪಸ್ವಲ್ಪ ಇವೆ. ಕೆಲವೇ ಗಂಟೆಗಳಲ್ಲಿ ಗುರುತಿನ ನೀರು ಮೈತುಂಬ ಹರಡುತ್ತದೆ. ಆಮೇಲೆ ಎರಡೂ ಗುರುತುಗಳು ನಿಧಾನವಾಗಿ ಹೊರಹೋಗತೊಡಗುತ್ತವೆ. ಡ್ಯೂಟೀರಿಯಂಗೆ ಒಂದೇ ಬಾಗಿಲು: ನೀರು, ಅಂದರೆ ಮೂತ್ರ, ಬೆವರು, ಉಸಿರಿನ ಆವಿ. ಆಮ್ಲಜನಕ-18ಕ್ಕೆ ಎರಡು: ನೀರಾಗಿಯೂ ಹೋಗುತ್ತದೆ, ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಹಾಗಾಗಿ ಅದು ಬೇಗ ಖಾಲಿಯಾಗುತ್ತದೆ. ಎರಡರ ವೇಗಗಳ ಅಂತರವೇ ದೇಹ ತಯಾರಿಸಿದ ಇಂಗಾಲದ ಡೈಆಕ್ಸೈಡ್. ಒಂದೆರಡು ವಾರ ಆಗಾಗ ಮೂತ್ರದ ಮಾದರಿ ಕೊಟ್ಟರೆ ಮುಗಿಯಿತು. ಮಿಕ್ಕಂತೆ ಅವರವರ ಬದುಕು ಅವರವರದು.

1955ರಲ್ಲಿ ಇಲಿಗಳ ಮೇಲೆ ಕೆಲಸ ಮಾಡಿ ತೋರಿಸಿದ ಈ ವಿಧಾನ ಮನುಷ್ಯರಿಗೆ ಬರಲು 1982ರ ತನಕ ಕಾಯಬೇಕಾಯಿತು. ಆಮ್ಲಜನಕ-18 ಬಲು ದುಬಾರಿ, ಇಲಿಗೆ ಸಾಲುವಷ್ಟು ಮನುಷ್ಯರಿಗೆ ಸಾಲದು. ಪರಮಾಣುಗಳನ್ನು ಭಾರದ ಪ್ರಕಾರ ಬೇರ್ಪಡಿಸಿ ಅಳೆಯುವ ದ್ರವ್ಯರಾಶಿ ರೋಹಿತಮಾಪಕಗಳು ಸೂಕ್ಷ್ಮವಾದ ಮೇಲೆಯೇ ಸಣ್ಣ ಪ್ರಮಾಣದಲ್ಲಿ ಕೆಲಸ ನಡೆಯಿತು.

ಸಂಕ ಎಲ್ಲಿದೆ ಎಂದು ಈಗ ಹೇಳಬಲ್ಲಿರಿ. ಈ ವಿಧಾನ ಆಮ್ಲಜನಕದ ಬಳಕೆಯನ್ನು ಅಳೆಯುವುದೇ ಇಲ್ಲ. ಅಳೆಯುವುದು ಆ ತಂಟೆಕೋರ ಇಂಗಾಲದ ಡೈಆಕ್ಸೈಡನ್ನು. ಅದನ್ನು ಕ್ಯಾಲರಿಗೆ ತಿರುಗಿಸಲು ಭಾಗಲಬ್ಧ ಇಷ್ಟು ಎಂದು ಊಹಿಸಬೇಕು, ಆ ಊಹೆಗೆ ಅವರು ಏನು ತಿನ್ನುತ್ತಿದ್ದಾರೆ ಎಂಬ ಅಂದಾಜು ಬೇಕು. ಊಟದ ಬಗೆ ಸಾಮಾನ್ಯವಾಗಿದ್ದರೆ ತಪ್ಪು ಸಣ್ಣದು. ಪಥ್ಯದಲ್ಲಿ ಶರ್ಕರಪಿಷ್ಟವನ್ನು ತೀರಾ ಇಳಿಸಿದವರಿಗೆ ಸಾಮಾನ್ಯ ಊಟದವರ ಅಂಕಿ ಹಾಕಿದರೆ ತಪ್ಪು ದೊಡ್ಡದು. ಎರಡು ಪಥ್ಯಗಳಲ್ಲಿ ಯಾವುದರಿಂದ ಚಯಾಪಚಯ ಹೆಚ್ಚುತ್ತದೆ ಎಂಬ ವಾದ ಎದ್ದಾಗಲೆಲ್ಲ ನಾನು ಮೊದಲು ಹುಡುಕುವುದು ಈ ಊಹೆಯನ್ನು ಅವರು ಎಲ್ಲಿಂದ ತಂದರು ಎಂಬುದನ್ನು.

ಈ ನೀರು ಕೆಲವು ಹಳೆಯ ನಂಬಿಕೆಗಳನ್ನು ತೊಳೆದುಹಾಕಿದೆ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ, ನಮ್ಮ ಚಯಾಪಚಯವೇ ನಿಧಾನ ಎನ್ನುತ್ತಿದ್ದವರನ್ನು ಪರೀಕ್ಷಿಸಿದರು. ಚಯಾಪಚಯ ಸರಿಯಾಗಿಯೇ ಇತ್ತು. ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಬರೆದಿದ್ದರು, ಓಡಾಟವನ್ನು ಶೇ. 51ರಷ್ಟು ಹೆಚ್ಚು ಬರೆದಿದ್ದರು. ಸಭೆಯಲ್ಲಿ ಇದಕ್ಕೆ ನಗು ಬಂತು, ನಗುವ ವಿಷಯವಲ್ಲ. ಅವರು ಸುಳ್ಳು ಹೇಳುತ್ತಿದ್ದರು ಎಂದು ನಾನು ಭಾವಿಸುವುದಿಲ್ಲ. ತಿಂದದ್ದನ್ನು ನೆನಪಿನಿಂದ ಬರೆಯುವುದು ಮನುಷ್ಯರಿಗೆ ಒಲಿಯದ ವಿದ್ಯೆ, ತೂಕ ಹೆಚ್ಚಿದ್ದವರಿಗೂ ಇಲ್ಲದವರಿಗೂ. ಆಹಾರ ಪ್ರಶ್ನಾವಳಿಗಳ ಮೇಲೆ ನಿಂತ ಸಂಶೋಧನೆಗಳನ್ನು ಓದುವಾಗ ಈ ಎರಡು ಅಂಕಿಗಳನ್ನು ಜೇಬಿನಲ್ಲಿಟ್ಟುಕೊಳ್ಳಿ.

2021ರ ಇನ್ನೊಂದು ಕೆಲಸ ಇನ್ನೂ ದೊಡ್ಡದು. 29 ದೇಶಗಳ 6,400ಕ್ಕೂ ಹೆಚ್ಚು ಜನರ, ಎಂಟು ದಿನದ ಕೂಸಿನಿಂದ 95 ವರ್ಷದ ಹಿರಿಯರವರೆಗಿನ ಅಳತೆಗಳನ್ನು ಒಟ್ಟು ಸೇರಿಸಿದರು. ದೇಹದ ಗಾತ್ರ ಮತ್ತು ಸಂಯೋಜನೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರವರೆಗೆ ಶಕ್ತಿಯ ಖರ್ಚು ಹೆಚ್ಚುಕಡಿಮೆ ಸಮತಟ್ಟು. ಮೂವತ್ತು ದಾಟಿದ ಮೇಲೆ ಚಯಾಪಚಯ ಕುಸಿಯಿತು ಎಂಬ ದೂರಿಗೆ ಅಲ್ಲಿ ಆಧಾರ ಸಿಗಲಿಲ್ಲ. ಒಂದು ವರ್ಷದ ಮಗು ಮಾತ್ರ ತನ್ನ ಗಾತ್ರಕ್ಕೆ ದೊಡ್ಡವರಿಗಿಂತ ಶೇ. 50ರಷ್ಟು ಹೆಚ್ಚು ಶಕ್ತಿ ಉರಿಸುತ್ತದೆ.

‘ದೇಹದ ಗಾತ್ರ ಮತ್ತು ಸಂಯೋಜನೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ’ ಎಂದು ಈಗ ತಾನೇ ಸಲೀಸಾಗಿ ಹೇಳಿಬಿಟ್ಟೆ. ಅದೇ ಮಾತಿನ ಉತ್ತರಾರ್ಧ.

ದೇಹವನ್ನು ಎರಡು ಪಾಲಾಗಿ ನೋಡುವುದು ಅತಿ ಹಳೆಯ ಮಾದರಿ: ಕೊಬ್ಬು ಒಂದು, ಕೊಬ್ಬಲ್ಲದ್ದೆಲ್ಲ ಇನ್ನೊಂದು. ಕೊಬ್ಬಿನ ಸಾಂದ್ರತೆ 0.9, ಉಳಿದದ್ದರದು 1.1 ಎಂದು ಒಪ್ಪಿಕೊಂಡರೆ ಇಡೀ ದೇಹದ ಸಾಂದ್ರತೆಯಿಂದ ಕೊಬ್ಬಿನ ಪಾಲು ಹೇಳಬಹುದು. 1961ರ ಸಿರಿ ಸೂತ್ರ ಇದನ್ನೇ ಒಂದು ಸಾಲಿಗೆ ಇಳಿಸಿತು: 495ನ್ನು ಸಾಂದ್ರತೆಯಿಂದ ಭಾಗಿಸಿ 450 ಕಳೆಯಿರಿ. ಸಾಂದ್ರತೆ 1.05 ಆದರೆ ಕೊಬ್ಬು ಶೇ. 21.4. ಸಾಂದ್ರತೆ ತಿಳಿಯಲು ಮನುಷ್ಯನನ್ನು ನೀರಿನಲ್ಲಿ ಮುಳುಗಿಸಿ ತೂಗಬೇಕು, ಆರ್ಕಿಮಿಡೀಸನ ಉಪಾಯವೇ. ಶ್ವಾಸಕೋಶದಲ್ಲಿ ಉಳಿದ ಗಾಳಿಯನ್ನು ಬೇರೆಯಾಗಿ ಅಳೆದು ಕಳೆಯಬೇಕು, ಇಲ್ಲದಿದ್ದರೆ ಆ ಗಾಳಿಯೂ ಕೊಬ್ಬಿನ ಲೆಕ್ಕಕ್ಕೆ ಸೇರುತ್ತದೆ. ಉಸಿರನ್ನೆಲ್ಲ ಹೊರಬಿಟ್ಟು ನೀರಿನಡಿ ಅಲುಗದೆ ಕೂರುವುದು ಎಲ್ಲರಿಗೂ ಆಗುವ ಕೆಲಸವಲ್ಲ ಎಂದು ಈಗ ಮೊಟ್ಟೆಯಾಕಾರದ ಡಬ್ಬಿಯಲ್ಲಿ ಕೂರಿಸಿ ಗಾಳಿಯ ಒತ್ತಡದಿಂದಲೇ ಗಾತ್ರ ಕಂಡುಕೊಳ್ಳುತ್ತಾರೆ. ಸೂತ್ರ ಮಾತ್ರ ಹಳೆಯದೇ.

ಈ ವಿಧಾನ ಮೊದಲಲ್ಲೇ ಒಂದು ನ್ಯಾಯ ಮಾಡಿತು. ಅಮೆರಿಕದ ನೌಕಾದಳದ ವೈದ್ಯ ಆಲ್ಬರ್ಟ್ ಬೆಂಕೆ 1942ರಲ್ಲಿ 25 ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ನೀರಿನಲ್ಲಿ ತೂಗಿದರು. ಎತ್ತರ-ತೂಕದ ಕೋಷ್ಟಕದ ಪ್ರಕಾರ ಅವರಲ್ಲಿ 17 ಮಂದಿ ಸೇನೆಗೆ ಅನರ್ಹರು, ಅತಿ ತೂಕದವರು. ನೀರು ಬೇರೆಯೇ ಹೇಳಿತು: ತೂಕವೆಲ್ಲ ಸ್ನಾಯುವಿನದು. ಇದಕ್ಕೆ ತಿರುಗುಮುರುಗಾದ ಚಿತ್ರವೊಂದು 2004ರಲ್ಲಿ ಬಂತು. ಯಾಜ್ಞಿಕ್ ಮತ್ತು ಯುಡ್ಕಿನ್ ಎಂಬ ಇಬ್ಬರು ವಿಜ್ಞಾನಿಗಳು ತಮ್ಮದೇ ಭಾವಚಿತ್ರವನ್ನು ಪಕ್ಕಪಕ್ಕದಲ್ಲಿ ಪ್ರಕಟಿಸಿಕೊಂಡರು. ಇಬ್ಬರ ದೇಹ ದ್ರವ್ಯರಾಶಿ ಸೂಚ್ಯಂಕವೂ (ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ) 22.3. ಒಬ್ಬರ ಕೊಬ್ಬು ಶೇ. 9.1, ಇನ್ನೊಬ್ಬರದು ಶೇ. 21.2.

ಸಿರಿ ಸೂತ್ರದ ಸಂಕ 1.1 ಎಂಬ ಅಂಕಿ. ಬೆಳೆಯುವ ಮಕ್ಕಳ ಕೊಬ್ಬಿಲ್ಲದ ಭಾಗದಲ್ಲಿ ನೀರು ಹೆಚ್ಚು, ಖನಿಜ ಕಡಿಮೆ, ಸಾಂದ್ರತೆ 1.08ರ ಹತ್ತಿರ ಇರಬಹುದು. ಅಂಥ ಮಗುವಿನಲ್ಲಿ ನಿಜವಾಗಿ ಇರುವ ಕೊಬ್ಬು ಶೇ. 20 ಎಂದುಕೊಳ್ಳಿ, ಸೂತ್ರ ಶೇ. 26.7 ಎನ್ನುತ್ತದೆ. ಅಳತೆಯಲ್ಲಿ ಎಳ್ಳಷ್ಟೂ ತಪ್ಪಿಲ್ಲದೆ ಸುಮಾರು 7 ಅಂಕ ತಪ್ಪಾಯಿತು. ಮೂಳೆ, ಸ್ನಾಯು ಎರಡೂ ದಟ್ಟವಾಗಿ ದೇಹದ ಸಾಂದ್ರತೆ 1.1 ದಾಟಿದ ಕ್ರೀಡಾಪಟುವಿಗೆ ಅದೇ ಸೂತ್ರ ಸೊನ್ನೆಗಿಂತ ಕಡಿಮೆ ಕೊಬ್ಬು ಎಂದು ಘೋಷಿಸುತ್ತದೆ. ಆಗಲಾದರೂ ತಪ್ಪು ಕಣ್ಣಿಗೆ ಹೊಡೆಯುತ್ತದೆ, 26.7 ನೋಡಿ ಯಾರೂ ಹುಬ್ಬೇರಿಸುವುದಿಲ್ಲ.

ನೀರಿನ ಹಾದಿಯಿಂದಲೂ ಹೋಗಬಹುದು. ಕೊಬ್ಬಿಲ್ಲದ ಭಾಗದಲ್ಲಿ ಸುಮಾರು ಶೇ. 73 ನೀರು. ಮೈಯ ಒಟ್ಟು ನೀರು ಗೊತ್ತಾದರೆ ಉಳಿದದ್ದು ಭಾಗಾಕಾರ. ಡ್ಯೂಟೀರಿಯಂ ಕುಡಿಸಿ, ಅದು ಎಷ್ಟು ತೆಳುವಾಯಿತು ಎಂದು ನೋಡಿದರೆ ನೀರಿನ ಪ್ರಮಾಣ ಸಿಗುತ್ತದೆ. ಲಿಫ್ಸನ್ ವಿಧಾನದಲ್ಲಿ ಇದು ಪುಕ್ಕಟೆಯಾಗಿ ಬರುವ ಲಾಭ. ಮನೆಯ ಯಂತ್ರ ಮಾಡುವುದೂ ಇದೇ ನೀರಿನ ಅಂದಾಜು, ವಿದ್ಯುತ್ ಅಡ್ಡಿಯ ಮೂಲಕ. ತೊಂದರೆ ಎಂದರೆ ಅಡ್ಡಿ ಬಹುಪಾಲು ಬರುವುದು ತೆಳುವಾದ ಕೈಕಾಲುಗಳಿಂದ. ದೇಹದ ತೂಕದಲ್ಲಿ ಅರ್ಧದಷ್ಟಿರುವ ಮುಂಡದ ಪಾಲು ಅದರಲ್ಲಿ ಹತ್ತನೇ ಒಂದರಷ್ಟು. ಕಾಳಜಿಯೆಲ್ಲ ಹೊಟ್ಟೆಯ ಕೊಬ್ಬಿನ ಬಗ್ಗೆ, ಅಳತೆಯೆಲ್ಲ ಕಾಲಿನದು! ಅರ್ಧ ಲೀಟರ್ ನೀರು ಕುಡಿದು ತಕ್ಷಣ ಮತ್ತೆ ಹತ್ತಿ ನಿಲ್ಲಿ: ತೂಕ ಏರಿದೆ, ಕಾಲಿನ ಅಡ್ಡಿ ಬದಲಾಗಿಲ್ಲ, ಹಾಗಾಗಿ ನೀವು ಕುಡಿದ ನೀರು ಕೊಬ್ಬಿನ ಖಾತೆಗೆ ಜಮೆಯಾಗಿರುತ್ತದೆ.

ಚರ್ಮವನ್ನು ಚಿಮಟಿಗೆಯಲ್ಲಿ ಹಿಡಿದು ದಪ್ಪ ನೋಡುವ ವಿಧಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಳಗಿದ ಕೈಯಲ್ಲಿ ಅದು ಉಪಯುಕ್ತ, ಪಳಗದ ಕೈಯಲ್ಲಿ ಮುಜುಗರ ಮಾತ್ರ.

ಇವತ್ತು ಹೆಚ್ಚಿನ ಸಂಶೋಧಕರು ನೆಚ್ಚಿಕೊಂಡಿರುವುದು ಡೆಕ್ಸಾ ಯಂತ್ರವನ್ನು. ಮೂಳೆಯ ಸಾಂದ್ರತೆ ನೋಡಲು ಹುಟ್ಟಿದ್ದು ಅದು. ಎರಡು ಬೇರೆ ಶಕ್ತಿಯ ಕ್ಷಕಿರಣಗಳನ್ನು ಹಾಯಿಸುತ್ತದೆ. ಮೂಳೆ, ಕೊಬ್ಬು, ಸ್ನಾಯು ಅವನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡೆಯುತ್ತವೆ. ವಿಕಿರಣ ಅತ್ಯಲ್ಪ, ಒಂದೆರಡು ದಿನದಲ್ಲಿ ಪರಿಸರದಿಂದ ಸಹಜವಾಗಿ ತಗಲುವಷ್ಟು. ಆದರೆ ಎರಡು ಕಿರಣಗಳಿಂದ ಒಂದು ಬಿಂದುವಿನಲ್ಲಿ ಎರಡೇ ಅಂಶಗಳನ್ನು ಬಿಡಿಸಬಹುದು. ಮೂಳೆ ಇರುವ ಬಿಂದುಗಳಲ್ಲಿ ಮೂಳೆ ಒಂದು, ಮೃದು ಅಂಗಾಂಶ ಇನ್ನೊಂದು. ಆ ಮೃದು ಅಂಗಾಂಶದಲ್ಲಿ ಕೊಬ್ಬೆಷ್ಟು ಎಂದು ಹೇಳಲು ಪಕ್ಕದ ಬಿಂದುಗಳನ್ನು ನೋಡಿ ಊಹಿಸುತ್ತದೆ. ಇಡೀ ದೇಹದ ಚಿತ್ರದಲ್ಲಿ ಅಂಥ ಬಿಂದುಗಳು ಸುಮಾರು ಶೇ. 40. ಊಹಿಸುವ ಬಗೆ ಒಬ್ಬೊಬ್ಬ ತಯಾರಕರದು ಒಂದೊಂದು, ಹಾಗಾಗಿ ಅಧ್ಯಯನದ ನಡುವೆ ಯಂತ್ರ ಬದಲಿಸುವುದು ಅಪರಾಧ. ಇನ್ನೊಂದು ಮಾತು: ಡೆಕ್ಸಾ ಹೇಳುವ ‘ಕೊಬ್ಬಿಲ್ಲದ ಅಂಗಾಂಶ’ ಸ್ನಾಯುವಲ್ಲ, ಅದರಲ್ಲಿ ನೀರು, ಯಕೃತ್ತು, ಕರುಳು ಎಲ್ಲ ಸೇರಿವೆ. ಸ್ನಾಯುವಿನಲ್ಲಿ 1 ಗ್ರಾಂ ಗ್ಲೈಕೋಜನ್ (ಮೈ ಶರ್ಕರಪಿಷ್ಟವನ್ನು ದಾಸ್ತಾನು ಮಾಡುವ ರೂಪ) ಕೂಡಿಟ್ಟರೆ ಜೊತೆಗೆ ಸುಮಾರು 3 ಗ್ರಾಂ ನೀರು ಬಂದು ಕೂರುತ್ತದೆ. ಎರಡು ದಿನ ಶರ್ಕರಪಿಷ್ಟ ಹೆಚ್ಚಾಗಿ ತಿಂದು ಬಂದವರಿಗೆ ‘ಸ್ನಾಯು ಬೆಳೆದಿದೆ’ ಎಂದು ವರದಿ ಕೊಟ್ಟ ಪಾಪ ನನ್ನದೂ ಇದೆ.

ಎಂಆರ್‌ಐ ಮತ್ತು ಸಿಟಿ ಸ್ಕ್ಯಾನ್ ಕರುಳಿನ ಸುತ್ತಣ ಕೊಬ್ಬನ್ನೂ ಚರ್ಮದಡಿಯ ಕೊಬ್ಬನ್ನೂ ಬೇರ್ಪಡಿಸಿ ತೋರಿಸುತ್ತವೆ; ಆ ಕೆಲಸಕ್ಕೆ ಅವನ್ನು ಮೀರಿಸಿದ್ದಿಲ್ಲ. ನನಗೆ ಅದಕ್ಕಿಂತ ಮೋಜೆನಿಸುವುದು ಪೊಟ್ಯಾಸಿಯಂ ಎಣಿಕೆ. ಪೊಟ್ಯಾಸಿಯಂನಲ್ಲಿ ಶೇ. 0.0117ರಷ್ಟು ಸಹಜವಾಗಿಯೇ ವಿಕಿರಣಶೀಲ. ನಿಮ್ಮ ದೇಹದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 4,000 ಅಂಥ ಪರಮಾಣುಗಳು ಒಡೆಯುತ್ತಿವೆ. ಪೊಟ್ಯಾಸಿಯಂ ಇರುವುದು ಬಹುತೇಕ ಜೀವಕೋಶಗಳ ಒಳಗೆ, ಕೊಬ್ಬಿನಲ್ಲಿ ಇಲ್ಲ. ಆದ್ದರಿಂದ ನಿಮ್ಮಿಂದಲೇ ಹೊಮ್ಮುವ ಕಿರಣಗಳನ್ನು ಎಣಿಸಿದರೆ ದುಡಿಯುವ ಜೀವಕೋಶಗಳ ರಾಶಿ ತಿಳಿಯುತ್ತದೆ. ಎಣಿಸುವ ಕೋಣೆಯ ಗೋಡೆಗೆ ಪರಮಾಣು ಪರೀಕ್ಷೆಗಳು ಶುರುವಾಗುವ ಮುಂಚೆ ತಯಾರಾದ ಉಕ್ಕು ಬೇಕಾಗುತ್ತಿತ್ತು, ಹಳೆಯ ಹಡಗುಗಳನ್ನು ಒಡೆದು ತಂದದ್ದು. ಆಮೇಲಿನ ಉಕ್ಕಿನಲ್ಲೇ ವಿಕಿರಣದ ಕಲೆ ಇತ್ತು.

ಈಗ ಎರಡೂ ಅಳತೆಗಳನ್ನು ಕೂಡಿಸೋಣ, ಏಕೆಂದರೆ ನಿಜವಾದ ಪೇಚು ಶುರುವಾಗುವುದೇ ಇಲ್ಲಿ. ಒಬ್ಬರು ಎರಡು ವಾರದಲ್ಲಿ ಎಷ್ಟು ತಿಂದರು ಎಂದು ತಿಳಿಯಬೇಕು, ಬಾಯಿಮಾತನ್ನು ನಂಬುವಂತಿಲ್ಲ. ಖರ್ಚಾದ ಶಕ್ತಿಗೆ ದೇಹದಲ್ಲಿ ಜಮೆಯಾದದ್ದನ್ನು ಕೂಡಿದರೆ ತಿಂದದ್ದು ಸಿಗಬೇಕು. ಖರ್ಚು ಲಿಫ್ಸನ್ ನೀರಿನಿಂದ, ಜಮೆ ಡೆಕ್ಸಾದಿಂದ. ಡೆಕ್ಸಾ ಕೊಬ್ಬಿನಲ್ಲಿ ಅರ್ಧ ಕಿಲೋ ತಪ್ಪಿತು ಎಂದುಕೊಳ್ಳಿ, ಅದು ದೊಡ್ಡ ತಪ್ಪೇನಲ್ಲ. ಅರ್ಧ ಕಿಲೋ ಕೊಬ್ಬೆಂದರೆ ಸುಮಾರು 4,700 ಕಿಲೋಕ್ಯಾಲರಿ. 14 ದಿನಕ್ಕೆ ಹಂಚಿದರೆ ದಿನಕ್ಕೆ 335. ಸಂಶೋಧಕರು ಹುಡುಕುತ್ತಿರುವ ವ್ಯತ್ಯಾಸವೇ ಅನೇಕ ಸಲ ಅದಕ್ಕಿಂತ ಚಿಕ್ಕದು. ಒಬ್ಬಿಬ್ಬರ ಮೇಲೆ, ಎರಡು ವಾರದಲ್ಲಿ, ಈ ದಾರಿಯಿಂದ ಏನನ್ನಾದರೂ ಸಾಧಿಸಿದೆ ಎನ್ನುವವರನ್ನು ನಾನು ನಂಬುವುದಿಲ್ಲ. ಅವಧಿ ಬೆಳೆಸಬೇಕು, ಇಲ್ಲವೇ ಜನರನ್ನು ಹೆಚ್ಚಿಸಬೇಕು, ಇಲ್ಲವೇ ತಟ್ಟೆಯಲ್ಲಿ ಉಳಿದ ತುತ್ತನ್ನೂ ತೂಗುವ ವಾರ್ಡಿನಲ್ಲಿ ಅವರನ್ನು ಇರಿಸಿಕೊಳ್ಳಬೇಕು. 2019ರಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ಹೀಗೆ ನಾಲ್ಕು ವಾರ ಇಟ್ಟುಕೊಂಡೇ, ಅತಿ ಸಂಸ್ಕರಿತ ಆಹಾರ ಕೊಟ್ಟಾಗ ಅವರು ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಹೆಚ್ಚು ತಿನ್ನುವುದನ್ನು ತೋರಿಸಿತು.

ಇನ್ನೊಂದು ಎಡವಟ್ಟು ಭಾಗಾಕಾರದ್ದು. ಚಯಾಪಚಯ ದರವನ್ನು ಕಿಲೋ ತೂಕದಿಂದ ಭಾಗಿಸಿ, ಸಣ್ಣ ಮೈಯವರ ಚಯಾಪಚಯ ಚುರುಕು ಎಂದು ಬರೆದುಬಿಡುತ್ತಾರೆ. ವಿಶ್ರಾಂತಿಯಲ್ಲಿ 1 ಕಿಲೋ ಸ್ನಾಯು ದಿನಕ್ಕೆ ಉರಿಸುವುದು ಸುಮಾರು 13 ಕಿಲೋಕ್ಯಾಲರಿ, ಕೊಬ್ಬಿನ ಅಂಗಾಂಶ 4.5. ಯಕೃತ್ತು 200, ಮಿದುಳು 240, ಹೃದಯ ಮತ್ತು ಮೂತ್ರಪಿಂಡ ತಲಾ 440. ಮೈ ದೊಡ್ಡದಾದಂತೆ ಬೆಳೆಯುವುದು ಬಹುಪಾಲು ಸ್ನಾಯು ಮತ್ತು ಕೊಬ್ಬು. ಮಿದುಳು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸಣ್ಣ ಮೈಯವರಲ್ಲಿ ಪ್ರತಿ ಕಿಲೋಗೆ ದುಬಾರಿ ಅಂಗಗಳ ಪಾಲು ಹೆಚ್ಚು, ಅಷ್ಟೆ. ಚುರುಕು ಅವರ ಜೀವಕೋಶದಲ್ಲಿಲ್ಲ, ನಮ್ಮ ಭಾಗಾಕಾರದಲ್ಲಿದೆ. ಸ್ನಾಯು ಬೆಳೆಸಿದರೆ ಕೂತಲ್ಲೇ ಕ್ಯಾಲರಿ ಕರಗುತ್ತದೆ ಎನ್ನುವ ಜಾಹೀರಾತಿಗೂ ಆ 13 ಎಂಬ ಅಂಕಿಯೇ ಉತ್ತರ.

ಕೊನೆಗೆ ಪ್ರಶ್ನೋತ್ತರ. ಮನೆಯ ಯಂತ್ರ ಎಸೆಯಬೇಕೆ ಎಂದು ಕೇಳಿದವರೇ ಹೆಚ್ಚು. ಬೇಡ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ನೀರು ಕುಡಿಯುವ ಮುಂಚೆ, ವಾರಕ್ಕೊಮ್ಮೆ ಅದೇ ಯಂತ್ರದ ಮೇಲೆ ನಿಲ್ಲಿ. ತಿಂಗಳುಗಳ ಇಳಿಜಾರನ್ನು ನೋಡಿ, ಬಿಂದುವಿನ ಆಚೆಗಿನದ್ದಕ್ಕೆ ಬೆರಳಡ್ಡ ಇಡಿ.

ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದು ಬೇರೆ: “ಸರ್, ಎಲ್ಲ ವಿಧಾನಗಳನ್ನೂ ಇನ್ನೊಂದು ವಿಧಾನದೊಂದಿಗೆ ಹೋಲಿಸಿ ಸರಿ ಎಂದಿರಿ. ಆ 1.1 ಎಂಬ ಅಂಕಿಯನ್ನು ಯಾವುದರೊಂದಿಗೆ ಹೋಲಿಸಿದರು?”

ಶವಗಳೊಂದಿಗೆ. ಕಳೆದ ಶತಮಾನದ ನಡುವಿನಲ್ಲಿ ಬೆರಳೆಣಿಕೆಯ ಶವಗಳನ್ನು ಪೂರ್ತಿಯಾಗಿ ರಾಸಾಯನಿಕ ವಿಶ್ಲೇಷಣೆಗೆ ಒಳಪಡಿಸಿ, ನೀರೆಷ್ಟು, ಕೊಬ್ಬೆಷ್ಟು, ಖನಿಜವೆಷ್ಟು ಎಂದು ತೂಗಿದರು. 1963ರಲ್ಲಿ ಬ್ರೋಜೆಕ್ ಮತ್ತು ಸಂಗಡಿಗರು ಕೊಟ್ಟ, ಇಂದಿಗೂ ಬಳಕೆಯಲ್ಲಿರುವ ‘ಮಾದರಿ ದೇಹ’ ನಿಂತಿರುವುದು ಮೂರು ಗಂಡಸರ ಶವಗಳ ಮೇಲೆ. ಮುಂದೆ, 1980ರ ಸುಮಾರಿಗೆ, ಬ್ರಸೆಲ್ಸ್‌ನಲ್ಲಿ 25 ಶವಗಳನ್ನು ಬಿಡಿಸಿ ತೂಗಿದಾಗ, ಕೊಬ್ಬಿನ ಅಂಗಾಂಶ ತೆಗೆದ ಮೇಲೆ ಉಳಿದ ದೇಹದಲ್ಲಿ ಸ್ನಾಯುವಿನ ಪಾಲು ಒಬ್ಬರಲ್ಲಿ ಶೇ. 42, ಇನ್ನೊಬ್ಬರಲ್ಲಿ ಶೇ. 59 ಕಂಡಿತು, ಮೂಳೆಯ ಪಾಲು ಶೇ. 16ರಿಂದ 26ರವರೆಗೆ ಹರಡಿಕೊಂಡಿತ್ತು. ಅವಳು ಅಂಕಿಗಳನ್ನು ಬರೆದುಕೊಂಡು, “ಮೂರೇ?” ಎಂದು ಇನ್ನೊಮ್ಮೆ ಕೇಳಿದಳು. ಮೂರೇ, ಎಂದೆ.